ಎರೆಹುಳುವಿನ ಹೆಗಲಿಗೆ ಯಾರ ಹೊರೆ?

ಎರೆಹುಳುವನ್ನು ರೈತನ ಮಿತ್ರನೆಂದು ಕರೆಯುವುದು ನಮ್ಮಲ್ಲಿ ರೂಢಿ. ಚಾರ್ಲ್ಸ್ ಡಾರ್ವಿನ್ 1881ರಲ್ಲಿ ಪ್ರಕಟಿಸಿದ ತನ್ನ ಕಡೆಯ ಗ್ರಂಥವನ್ನು ಈ ಕಣ್ಣಿಲ್ಲದ, ಕಾಲಿಲ್ಲದ ಜೀವಿಗೇ ಮೀಸಲಿಟ್ಟ. ಈಗ ಆ ಮಿತ್ರನಿಗೆ ಹೊಸದೊಂದು ಕೆಲಸವನ್ನು ಒಪ್ಪಿಸುವ ಮಾತು ನಡೆದಿದೆ: ಕ್ಯಾಡ್ಮಿಯಂ, ಸೀಸ, ಕ್ರೋಮಿಯಂಗಳಿಂದ ಕೆಟ್ಟ ಹೊಲವನ್ನು ಅದರ ಕರುಳಿನ ಸೂಕ್ಷ್ಮಜೀವಿಗಳ ನೆರವಿನಿಂದ ಶುದ್ಧಗೊಳಿಸುವುದು.

ಆ ಕರುಳು ಸೋಜಿಗದ ಲೋಕ. ಹೊರಗಿನ ಮಣ್ಣಿನಲ್ಲಿ ಹಸಿದು ಮಲಗಿದ್ದ ಬ್ಯಾಕ್ಟೀರಿಯಾಗಳು ಒಳಗಿನ ತೇವ, ಲೋಳೆ ಮತ್ತು ಆಮ್ಲಜನಕವಿಲ್ಲದ ಕತ್ತಲೆಯಲ್ಲಿ ಎಚ್ಚರಗೊಳ್ಳುತ್ತವೆ. ಕೆಲವು ಬಗೆಯವು ಲೋಹದ ಕಣಗಳನ್ನು ತಮ್ಮ ಹೊರಪದರಕ್ಕೆ ಅಂಟಿಸಿಕೊಳ್ಳುತ್ತವೆ. ಕೆಲವು ಉಗ್ರವಿಷವಾದ ಆರು ವೇಲೆನ್ಸಿಯ ಕ್ರೋಮಿಯಂ ಅನ್ನು ಅಷ್ಟಾಗಿ ಕೇಡು ಮಾಡದ ಮೂರು ವೇಲೆನ್ಸಿಯ ರೂಪಕ್ಕೆ ತರಬಲ್ಲವು. ಆದರೆ ಲೋಹವು ಮೂಲಧಾತು. ಕೀಟನಾಶಕವನ್ನು ಒಡೆದು ನಾಶಮಾಡಬಹುದು. ಕ್ಯಾಡ್ಮಿಯಂ ಅನ್ನು ಯಾವ ಜೀವಿಯೂ ಜೀರ್ಣಿಸಿಕೊಳ್ಳಲಾರದು. ಅದು ರೂಪ ಬದಲಿಸುತ್ತದೆ, ಇಲ್ಲವೇ ಜಾಗ ಬದಲಿಸುತ್ತದೆ. ಎಷ್ಟೋ ವೇಳೆ ಹುಳು ಉಂಡು ಬಿಟ್ಟ ಮಣ್ಣಿನಲ್ಲಿ ಲೋಹವು ಬೇರುಗಳಿಗೆ ಇನ್ನಷ್ಟು ಸುಲಭವಾಗಿ ಸಿಗುವುದೂ ಉಂಟು. ಲೋಹ ಹೀರುವ ಗಿಡವನ್ನು ಬೆಳೆಸಿ, ಕಿತ್ತು ಸಾಗಿಸುವವನಿಗೆ ಇದು ಲಾಭ. ಅಲ್ಲಿಯೇ ಭತ್ತ ಬೆಳೆದು ಉಣ್ಣುವವನಿಗೆ ಅಪಾಯ.

ಉಳಿದದ್ದು ಹುಳುವಿನ ಮೈಯಲ್ಲಿ. ಮೆಟಲೋಥಯೋನೀನ್ ಎಂಬ ಪ್ರೋಟೀನು ಕ್ಯಾಡ್ಮಿಯಂ ಅನ್ನು ಕಟ್ಟಿಹಾಕುವುದರಿಂದ ಹುಳು ವಿಷ ಹೊತ್ತೇ ಬದುಕುತ್ತದೆ. ಅದನ್ನು ಹಕ್ಕಿ ಹೆಕ್ಕುತ್ತದೆ. ಉಂಡ ಎಲೆಯನ್ನು ಉಂಡವನೇ ಎತ್ತಬೇಕೆನ್ನುವ ಮನೆಗಳಲ್ಲಿ ಬೆಳೆದವರಿಗೆ ಇಲ್ಲಿ ಕಸಿವಿಸಿಯಾಗದಿರದು.

ಹಾಗೆಂದು ಹುಳುವಿನ ನೆರವೇ ಬೇಡವೆನ್ನಲಾರೆ. ಉಳುಮೆಯಲ್ಲಿಯೂ ಹುಳುಗಳು ಸಾಯುತ್ತವೆ. ಅನ್ನವುಣ್ಣುವ ಯಾರೂ ಪೂರ್ಣ ಅಹಿಂಸೆಯ ಮಾತಾಡುವಂತಿಲ್ಲ. ನನ್ನ ತಕರಾರು ಕ್ರಮದ ಬಗೆಗೆ. ವಿಷದ ಮೂಲವನ್ನು ಮುಚ್ಚದೆ ಹುಳುವನ್ನು ಹೊಲಕ್ಕಿಳಿಸಿದರೆ, ಅದು ವಿಜ್ಞಾನದ ಹೆಸರಿನಲ್ಲಿ ಸಾಲವನ್ನು ಮೂಕಜೀವಿಗೆ ವರ್ಗಾಯಿಸುವ ಉಪಾಯವಷ್ಟೆ.

ಜಪಾನಿನ ಜಿಂಜು ನದಿಯ ಬಯಲಿನಲ್ಲಿ ಈ ಕ್ರಮವನ್ನು ಜನ ಹೋರಾಡಿ ಪಡೆದರು. ಮೇಲ್ಗಡೆಯ ಕಮಿಯೊಕ ಗಣಿಯಿಂದ ಹರಿದ ಕ್ಯಾಡ್ಮಿಯಂ ಗದ್ದೆಗಿಳಿದು, ಅಕ್ಕಿಯ ಮೂಲಕ ದೇಹ ಸೇರಿ, ಬಹುಪಾಲು ಹೆಂಗಸರ ಎಲುಬುಗಳನ್ನು ಟೊಳ್ಳಾಗಿಸಿತು. ನೋವಿನ ಕೂಗೇ ರೋಗದ ಹೆಸರಾಯಿತು: ಇತಾಯ್ ಇತಾಯ್. 1968ರಲ್ಲಿ ಸರ್ಕಾರ ಕಾರಣವನ್ನು ಒಪ್ಪಿತು. 1979ರಲ್ಲಿ ತೊಡಗಿದ ಮಣ್ಣಿನ ಪುನರುದ್ಧಾರ ಮುಗಿದದ್ದು 2012ರಲ್ಲಿ; 860ಕ್ಕೂ ಹೆಚ್ಚು ಹೆಕ್ಟೇರು ನೆಲಕ್ಕೆ ಒಂದು ತಲೆಮಾರು ಹಿಡಿಯಿತು. ಕೆಟ್ಟ ಮಣ್ಣನ್ನು ಅಡಿಗೆ ಹಾಕಿ ಒಳ್ಳೆಯ ಮಣ್ಣನ್ನು ಹೊದಿಸಿದರು; ಅಲ್ಲಿಯೂ ಕ್ಯಾಡ್ಮಿಯಂ ಇಲ್ಲವಾಗಲಿಲ್ಲ.

ಆದರೆ ಅದಕ್ಕೂ ಮೊದಲೇ, 1972ರಲ್ಲಿ ಮೇಲ್ಮನವಿಯನ್ನೂ ಗೆದ್ದ ಮರುದಿನ, ಆ ರೈತರು ಗಣಿಯ ಒಡೆಯರಿಂದ ಒಂದು ಒಪ್ಪಂದವನ್ನು ಬರೆಸಿಕೊಂಡರು: ತಾವು ಆರಿಸಿದ ತಜ್ಞರೊಡನೆ ಬೇಕೆಂದಾಗ ಗಣಿಯೊಳಗೆ ಹೋಗಿ ನೋಡುವ ಹಕ್ಕು, ಅದೂ ಕಂಪನಿಯ ಖರ್ಚಿನಲ್ಲಿ. ಅಂದಿನಿಂದ ವರ್ಷ ವರ್ಷವೂ ಅವರು ಆ ಬೆಟ್ಟವೇರಿ ಗಣಿಯ ನೀರನ್ನು ಪರೀಕ್ಷಿಸಿ ಬರುತ್ತಿದ್ದಾರೆ.