ರೋಗಿಯ ಗುಟ್ಟು

ರೋಗಿಯ ಮನೆಯೊಳಗೆ ಕಂಡುದನ್ನು ಹೊರಗೆ ಆಡಬಾರದೆಂದು ಚರಕಸಂಹಿತೆಯು ವೈದ್ಯವಿದ್ಯಾರ್ಥಿಗೆ ವಿಧಿಸಿರುವದು. ಆಗ ಗುಟ್ಟು ಒಬ್ಬ ವೈದ್ಯನಲ್ಲಿ ಅಡಗಿದರೆ ಸಾಕಿತ್ತು. ಇಂದಿನ ದವಾಖಾನೆಯಲ್ಲಾದರೋ ಚೀಟಿ ಬರೆಯುವವನು, ರಕ್ತ ಪರೀಕ್ಷಿಸುವವನು, ಔಷಧ ಕೊಡುವವನು, ಮನೆಗೆ ಬರುವ ಆಶಾ ಕಾರ್ಯಕರ್ತೆ ಎಲ್ಲರೂ ಅದನ್ನು ಬಲ್ಲರು. ವೈದ್ಯನೊಬ್ಬನ ನಿಯಮದಿಂದ ಈಗ ಕಾರ್ಯವಾಗದು.

ಹೆಸರನ್ನು ಮರೆಮಾಡಿದರೆ ಸಾಕೆಂದು ಕೆಲವರು ವಾದಿಸುವರು. ದೊಡ್ಡ ಪಟ್ಟಣದಲ್ಲಿ ಈ ಮಾತು ಸಲ್ಲಬಹುದು. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರಗಳಲ್ಲಿ ಸಲ್ಲದು. ೨೦೨೦ರ ಕೊರೋನಾ ಪಿಡುಗಿನಲ್ಲಿ ಸರಕಾರದ ದೈನಿಕ ಪ್ರಕಟಣೆಯು ರೋಗಿಯ ಹೆಸರು ಬಿಟ್ಟು ಕ್ರಮಾಂಕ, ವಯಸ್ಸು, ಲಿಂಗ, ಜಿಲ್ಲೆಗಳನ್ನು ಕೊಡುತ್ತಿತ್ತು. ಒಬ್ಬರನ್ನೊಬ್ಬರು ಬಲ್ಲ ಊರಿನಲ್ಲಿ ಅಷ್ಟೇ ಸಾಕು. ಉಳಿದುದನ್ನು ಕಟ್ಟೆಯ ಮೇಲೆ ಕುಳಿತವರು ತುಂಬಿಕೊಳ್ಳುವರು. ಅದೇ ಮಾರ್ಚಿನಲ್ಲಿ, ಮನೆಯಲ್ಲಿ ಪ್ರತ್ಯೇಕವಾಗಿ ಇರಬೇಕಾದವರ ವಿಳಾಸಗಳನ್ನೇ ರಾಜ್ಯಸರಕಾರವು ಪ್ರಕಟಿಸಿತು. ಸೋಂಕು ಹರಡದಿರಲೆಂಬ ಉದ್ದೇಶ ಒಳ್ಳೆಯದೇ. ಆದರೆ ಬಾಗಿಲಿಗೆ ಕಣ್ಣು ಬಿದ್ದೀತೆಂದು ಅಂಜಿದವನು ಜ್ವರವನ್ನೇ ಮುಚ್ಚಿಡುವನು. ಆಗ ಸೋಂಕು ಹೆಚ್ಚುವದೇ ಹೊರತು ಕಡಿಮೆಯಾಗದು.

ಹಾಗಾದರೆ ಗುಟ್ಟು ಮತ್ತೊಬ್ಬರ ಪ್ರಾಣಕ್ಕೆ ಮುಳುವಾದಾಗ ಏನು ಮಾಡಬೇಕು? ಈ ಪ್ರಶ್ನೆಯು ೧೯೯೮ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ತನ್ನ ರಕ್ತದಲ್ಲಿ ಎಚ್‌ಐವಿ ಇರುವ ಸಂಗತಿಯನ್ನು ಆಸ್ಪತ್ರೆಯವರು ಹೊರಗೆಡಹಿದ್ದರಿಂದ ಗೊತ್ತಾದ ಮದುವೆ ಮುರಿಯಿತೆಂದೂ, ಜನರ ನಿಂದೆಗೆ ತಾನು ಊರು ಬಿಡಬೇಕಾಯಿತೆಂದೂ ಒಬ್ಬನು ದೂರಿದನು. ವಧುವಿನ ಜೀವದ ಹಕ್ಕು ಅವನ ಗೋಪ್ಯಕ್ಕಿಂತ ಹೆಚ್ಚಿನದೆಂದು ತೀರ್ಪಾಯಿತು. ವಧುವಿನ ಮಟ್ಟಿಗೆ ಅದು ನ್ಯಾಯವೇ. ಆದರೆ ಅವಳಿಗೆ ತಿಳಿಯಬೇಕಾದುದು ಊರಿಗೇಕೆ ತಿಳಿಯಬೇಕಿತ್ತು? ೨೦೧೭ರ ಎಚ್‌ಐವಿ ಕಾಯಿದೆಯು ಈ ಭೇದವನ್ನು ಗುರುತಿಸಿತು. ರೋಗಿಯ ಒಪ್ಪಿಗೆಯಿಲ್ಲದೆ, ನ್ಯಾಯಾಲಯದ ಆಜ್ಞೆಯಂಥ ಕೆಲವು ಸಂದರ್ಭಗಳ ಹೊರತು, ಯಾರಿಗೂ ಹೇಳಕೂಡದು; ಬಾಳಸಂಗಾತಿಗೆ ಅಪಾಯವಿದ್ದು, ತಿಳಿಹೇಳಿದರೂ ರೋಗಿಯು ತಾನಾಗಿ ತಿಳಿಸದಿದ್ದರೆ, ಅವನಿಗೆ ಮೊದಲು ಸೂಚಿಸಿ ವೈದ್ಯನು ಸಂಗಾತಿಯೊಬ್ಬರಿಗೆ ಖುದ್ದಾಗಿ ಹೇಳಬಹುದು.

ಕಾಯಿದೆಯ ಕೈ ಸುಲಭವಾಗಿ ಮುಟ್ಟದ ಸ್ಥಳವೆಂದರೆ ಔಷಧದ ಕಿಟಕಿ. ಹಳ್ಳಿಯಿಂದ ಗದಗ-ಬೆಟಗೇರಿಯ ದವಾಖಾನೆಗೆ ಬಂದ ಹೆಣ್ಣುಮಗಳ ಹಿಂದೆ, ಅದೇ ಬಸ್ಸಿಗೆ ಬಂದ ನೆರೆಯವನೂ ಸಾಲಿನಲ್ಲಿ ನಿಂತಿರಬಹುದು. ಒಳಗಿನವನು ರೋಗದ ಹೆಸರನ್ನು ಗಟ್ಟಿಯಾಗಿ ಕೂಗಿದನೆಂದರೆ ತೀರಿತು. ಜೀವವಿರುವ ತನಕ ನಿತ್ಯವೂ ತೆಗೆದುಕೊಳ್ಳಬೇಕಾದ ಮಾತ್ರೆಗಾಗಿ ಆಕೆ ಮುಂದಿನ ತಿಂಗಳು ಆ ಕಿಟಕಿಗೆ ಬರಲಾರಳು.