ಖಾಲಿ ಗುಡ್ಡೆ

2020ರ ಜೂನ್‌ನಲ್ಲಿ ಹೆಬ್ರಿಯ ನಮ್ಮ ಮನೆ ಹಿಂದಿನ ಗುಡ್ಡೆಯಲ್ಲಿ ಅರವತ್ತು ಗಿಡ ನೆಟ್ಟೆ. ಅಪ್ಪ ತೀರಿಕೊಂಡು ಅವತ್ತಿಗೆ ಒಂದು ವರ್ಷ. ಲಾಕ್‌ಡೌನ್ ಅಂತ ಮಾರ್ಚ್‌ನಲ್ಲೇ ಬೆಂಗಳೂರು ಬಿಟ್ಟು ಬಂದಿದ್ದೆ. ನೆಟ್‌ವರ್ಕ್ ಸಿಗುತ್ತಿದ್ದದ್ದು ಗುಡ್ಡೆ ಮೇಲೆ ಮಾತ್ರ, ಹಾಗಾಗಿ ಮೂರು ತಿಂಗಳು ಅದೇ ನನ್ನ ಆಫೀಸು. ಮುರಕಲ್ಲಿನ ಮೇಲೆ ಲ್ಯಾಪ್‌ಟಾಪ್, ಸುತ್ತ ಒಣಗಿದ ಹುಲ್ಲು, ದೂರದಲ್ಲಿ ಆಗುಂಬೆ ಘಾಟಿಯ ಗೋಡೆ. ಇಷ್ಟು ದೊಡ್ಡ ಜಾಗ ಸುಮ್ಮನೆ ಖಾಲಿ ಬಿದ್ದಿದೆಯಲ್ಲ ಅಂತ ಪ್ರತಿದಿನ ಅನಿಸುತ್ತಿತ್ತು. ಅಪ್ಪನ ನೆನಪಿಗೆ ಏನಾದರೂ ಮಾಡಬೇಕು ಅಂತಲೂ ಅನಿಸುತ್ತಿತ್ತು. ಎರಡೂ ಕೂಡಿಕೊಂಡವು. ನರ್ಸರಿಯವರು ಅಕೇಶಿಯಾ ಬೇಗ ಬರುತ್ತದೆ ಅಂದರು. ತಂದೆ.

ನೆಟ್ಟ ಫೋಟೋ ಹಾಕಿದೆ. ಅಷ್ಟು ಲೈಕ್ ನನಗೆ ಮದುವೆ ಫೋಟೋಗೂ ಬಂದಿರಲಿಲ್ಲ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ದೊಡ್ಡಪ್ಪ ಜಗಲಿಯಲ್ಲಿ ಕೂತು ಗುಡ್ಡೆ ನೋಡುತ್ತಿದ್ದರು. ಮರಗಳು ಮನೆಯ ಮಾಡಿಗಿಂತ ಎತ್ತರ ಬೆಳೆದಿದ್ದವು. ಮೆಚ್ಚುತ್ತಾರೆ ಅಂದುಕೊಂಡೆ.

"ಮುಳಿ ಎಲ್ಲ ಹೋಯ್ತಲ್ಲ ಮಾರಾಯ."

"ಎಂತ ಮುಳಿ ದೊಡ್ಡಪ್ಪ? ಅಲ್ಲಿ ಖಾಲಿ ಇತ್ತಲ್ಲ?"

"ಖಾಲಿ ಅಂತ ಯಾರು ಹೇಳಿದ್ದು ನಿಂಗೆ?"

ಮುಳಿ ಅಂದರೆ ಮಾಡಿಗೆ ಹೊದಿಸುವ ಹುಲ್ಲು. ಹಂಚು ಬರುವ ಮೊದಲು ನಮ್ಮ ಮನೆಯೂ ಮುಳಿ ಮಾಡಿನದ್ದೇ. ಮಳೆ ಮುಗಿದ ಮೇಲೆ ಗುಡ್ಡೆಗೆ ಹೋಗಿ ಕೊಯ್ದು, ಕಟ್ಟು ಕಟ್ಟಿ ತರುತ್ತಿದ್ದರಂತೆ. ಆ ಗುಡ್ಡೆ ನಮ್ಮ ಪಟ್ಟೆ ಜಾಗವೂ ಅಲ್ಲ, ಕುಮ್ಕಿ. ದಕ್ಷಿಣ ಕನ್ನಡ, ಉಡುಪಿಯವರಿಗೆ ಇದು ಗೊತ್ತು. ಹಳೆಯ ವರ್ಗ ಜಾಗದ ಅಂಚಿನಿಂದ ನೂರು ಗಜದ ತನಕದ ಸರ್ಕಾರಿ ನೆಲದಲ್ಲಿ ಸೊಪ್ಪು, ಹುಲ್ಲು, ಸೌದೆ ತರುವ ಹಕ್ಕು. ಅಂದರೆ ಬ್ರಿಟಿಷರ ಕಂದಾಯ ಇಲಾಖೆಗೂ ಆ ಗುಡ್ಡೆ ಪೂರ್ತಿ ಖಾಲಿ ಅನಿಸಿರಲಿಲ್ಲ. ನನಗೆ ಅನಿಸಿತ್ತು.

ನಾಲ್ಕು ಮರದ ಅಂಚಿನಲ್ಲಿ ಇನ್ನೂ ಸ್ವಲ್ಪ ಹುಲ್ಲು ಉಳಿದಿತ್ತು. ಬಾಟನಿ ಓದಿದ ಗೆಳತಿಗೆ ಫೋಟೋ ಕಳಿಸಿದೆ. ಹೆಚ್ಚಿನದ್ದು ಹೆಟೆರೋಪೋಗನ್ ಕಂಟಾರ್ಟಸ್ ಅಂದಳು. ಕಂಟಾರ್ಟಸ್ ಅಂದರೆ ತಿರುಚಿಕೊಂಡದ್ದು. ಚಿಕ್ಕವರಿದ್ದಾಗ ಚಡ್ಡಿಗೆ ಚುಚ್ಚಿಕೊಂಡು ಬರುತ್ತಿದ್ದ ಅದೇ ಮುಳ್ಳು, ಅದು ಈ ಹುಲ್ಲಿನ ಬೀಜ. ಬೀಜದ ತುದಿ ಈಟಿಯಂತೆ ಚೂಪು, ಹಿಂದೆ ಉದ್ದದ ಕಪ್ಪು ಬಾಲ. ಇಬ್ಬನಿ ಬಿದ್ದಾಗ ಬಾಲದ ಸುರುಳಿ ಬಿಚ್ಚಿಕೊಳ್ಳುತ್ತದೆ, ಬಿಸಿಲಿಗೆ ಮತ್ತೆ ಸುತ್ತಿಕೊಳ್ಳುತ್ತದೆ. ಹೀಗೆ ತಿರುಗುತ್ತಾ ತಿರುಗುತ್ತಾ ಬೀಜ ತನ್ನನ್ನು ತಾನೇ ಮಣ್ಣಿಗೆ ಕೊರೆದುಕೊಳ್ಳುತ್ತದೆ. ಮೇಲೆ ಬೆಂಕಿ ಹೋದರೂ ಬೀಜ ಕೆಳಗೆ ಕ್ಷೇಮ.

ಇದು ಬಹುವಾರ್ಷಿಕ ಹುಲ್ಲು. ಈ ಮಾತಿನ ಅರ್ಥ ನನಗೆ ಆಗಿದ್ದು ಆಮೇಲೆ. ಭತ್ತದಂಥ ಹುಲ್ಲು ಒಂದು ವರ್ಷದಲ್ಲಿ ತನ್ನದೆಲ್ಲವನ್ನೂ ತೆನೆಗೆ ಕೊಟ್ಟು ಸಾಯುತ್ತದೆ. ಇದು ಹಾಗಲ್ಲ. ಮಾರ್ಚ್‌ನಲ್ಲಿ ನನಗೆ ಸತ್ತಂತೆ ಕಂಡ ಹುಲ್ಲು ಸತ್ತಿರಲಿಲ್ಲ. ಮೊಗ್ಗುಗಳು ಬುಡದಲ್ಲಿ, ಮಣ್ಣಿನ ಮಟ್ಟದಲ್ಲಿ ಕಾಯುತ್ತಿರುತ್ತವೆ. ಮರ ತುದಿಯಿಂದ ಬೆಳೆದರೆ ಹುಲ್ಲಿನ ಎಲೆ ಬುಡದಿಂದ ಬೆಳೆಯುತ್ತದೆ. ಅದಕ್ಕೇ ದನ ಮೇಯಲಿ, ಕತ್ತಿ ಹಾಕಲಿ, ಸುಟ್ಟೇ ಹೋಗಲಿ, ಮೊದಲ ಮಳೆಗೆ ಮತ್ತೆ ಹಸಿರು. ಅದು ತಾಳದೇ ಇರುವುದು ನೆರಳನ್ನು. ಬಿಸಿಲಲ್ಲಿ ದುಡಿಯಲೆಂದೇ ಆದ ಸಿ4 ಜಾತಿ ಅದು. ಕತ್ತಿಗೆ, ಬೆಂಕಿಗೆ, ಹಸುವಿಗೆ ಸೋಲದ ಹುಲ್ಲು ನನ್ನ ಪಿತೃಭಕ್ತಿಗೆ ಸೋತಿತು. ನೆರಳು ಒಂದು ಕಡೆ, ಬೇಗ ಕೊಳೆಯದ ಅಕೇಶಿಯಾ ದರಗಿನ ದಪ್ಪ ಹೊದಿಕೆ ಇನ್ನೊಂದು ಕಡೆ.

ಈ ತಪ್ಪನ್ನು ನಾನೊಬ್ಬನೇ ಮಾಡಿಲ್ಲ ಅನ್ನುವುದು ಸಮಾಧಾನವೂ ಹೌದು, ಅಲ್ಲವೂ ಹೌದು. 1985ರಲ್ಲಿ ದೆಹಲಿಯಲ್ಲಿ ಬಂಜರು ಭೂಮಿ ಅಭಿವೃದ್ಧಿಗೆಂದೇ ರಾಷ್ಟ್ರೀಯ ಮಂಡಳಿ ಶುರುವಾಯಿತು. ನಮ್ಮ ಕರಾವಳಿಯ ಮುರಕಲ್ಲಿನ ಪದವುಗಳಲ್ಲಿ ಅಕೇಶಿಯಾ ಹಬ್ಬಿದ್ದೂ ಆ ಕಾಲದಲ್ಲೇ. ನೀಲಗಿರಿಯ ಹುಲ್ಲುಗಾವಲಿನಲ್ಲಿ ಬ್ರಿಟಿಷರು ತಂದ ವಾಟಲ್ ಇವತ್ತಿಗೂ ಹರಡುತ್ತಿದೆ. ಅಲ್ಲಿನ ಜೌಗುಮಣ್ಣಿನ ಇಂಗಾಲವನ್ನು ಪರೀಕ್ಷಿಸಿ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದದ್ದನ್ನು ಓದಿದೆ. ಹುಲ್ಲು ಅಲ್ಲಿ ಸಾವಿರಾರು ವರ್ಷಗಳ ನಿವಾಸಿ, ಕಾಡು ಕಡಿದ ಮೇಲೆ ಬಂದದ್ದಲ್ಲ. ಕಾರ್ಕಳದಿಂದ ಮಾಳ, ಎಸ್.ಕೆ. ಬಾರ್ಡರ್ ದಾಟಿ ಕುದುರೆಮುಖದ ಕಡೆ ಹೋದರೆ ಕಾಣುವ ಬೋಳು ಏಣುಗಳಿಗೆ, ಕಣಿವೆಯ ಶೋಲಾ ಕಾಡಿಗಿರುವಷ್ಟೇ ಮರ್ಯಾದೆ ಸಲ್ಲಬೇಕು. ನಾವು ಕಾರು ನಿಲ್ಲಿಸಿ ಸೆಲ್ಫಿ ತೆಗೆದುಕೊಳ್ಳುವುದು ಆ ಹುಲ್ಲಿನ ಮುಂದೆಯೇ, ಕಾಪಾಡಬೇಕು ಅನ್ನುವುದು ಮಾತ್ರ ಮರಗಳನ್ನು.

ನನ್ನನ್ನು ಕಾಡುವ ಪ್ರಶ್ನೆ ಇದು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸಕ್ಕೆ ಎಷ್ಟು ವಿನಾಯಿತಿ? "ಗೊತ್ತಿರಲಿಲ್ಲ" ಅಂದರೆ ಸಾಕೇ? ಗೊತ್ತಿಲ್ಲದೆ ಹೋಗುವುದು ತಪ್ಪಲ್ಲ ಅಂತಲೇ ಇಟ್ಟುಕೊಳ್ಳೋಣ. ಆದರೆ ನಾನು ಗುಂಡಿ ತೋಡುವಾಗ ದೊಡ್ಡಪ್ಪ ಅದೇ ಜಗಲಿಯಲ್ಲಿ ಕೂತಿದ್ದರು. ನಲವತ್ತು ವರ್ಷ ಆ ಗುಡ್ಡೆಯ ಹುಲ್ಲು ಕೊಯ್ದವರು. ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ, ಯಾಕಂದ್ರೆ ಗಿಡ ನೆಡಲು ಯಾರನ್ನಾದರೂ ಕೇಳಬೇಕು ಅಂತ ತಲೆಗೇ ಬರಲಿಲ್ಲ. ಕೆಟ್ಟ ಕೆಲಸಕ್ಕೆ ಹೊರಟವನಾದರೂ ಆಚೀಚೆ ನೋಡುತ್ತಾನೆ. ಅವರು ಯಾಕೆ ತಡೆಯಲಿಲ್ಲ ಅಂತ ಈಗ ಕೇಳಿದರೆ, "ಅಪ್ಪನ ಹೆಸರಲ್ಲಿ ನೆಡ್ತಿದ್ದಿ, ಹೇಗೆ ಹೇಳುದು?" ಅಂದರು. ನನ್ನ ದುಃಖ ಅವರ ಬಾಯಿ ಕಟ್ಟಿತ್ತು.

ಹಾಗಾದರೆ ಮರ ಕಡಿಯಬೇಕೇ? ಇಲ್ಲಿ ನನ್ನ ತರ್ಕ ಕೈಕೊಡುತ್ತದೆ. ನಮ್ಮ ಗುಡ್ಡೆ ಕುದುರೆಮುಖ ಅಲ್ಲ. ವರ್ಷ ವರ್ಷ ಜನ ಕೊಯ್ದರು, ಆಗಾಗ ಸುಟ್ಟರು, ಅದಕ್ಕೇ ಅದು ಹುಲ್ಲಾಗಿ ಉಳಿಯಿತು. ಈಗ ಮುಳಿ ಮಾಡು ಯಾರಿಗೂ ಬೇಡ. ನಾನು ನೆಡದಿದ್ದರೂ ಕೇಪಳ, ಕುಂಟಲ ಎದ್ದು ನಿಧಾನಕ್ಕೆ ಹಾಡಿಯಾಗುತ್ತಿತ್ತೋ ಏನೋ. ಮತ್ತೆ ಅಮ್ಮ. ಪ್ರತಿ ಸಂಜೆ ದನ ಅಟ್ಟುವ ನೆಪದಲ್ಲಿ ಅಲ್ಲಿಗೆ ಹೋಗಿ ಬರುತ್ತಾಳೆ. ಹುಲ್ಲಿಗೆ ಮಾಡಿದ ಅನ್ಯಾಯ ಸರಿಪಡಿಸಲು ಅಮ್ಮನ ಮರ ಕಡಿದರೆ, ಕೇಳದೆ ಒಳ್ಳೇದು ಮಾಡುವ ಚಾಳಿ ಎರಡನೇ ಸಲ. ಮೇಲಿಂದ, ಸರ್ಕಾರಿ ಜಾಗವಾದ್ದರಿಂದ ಕಡಿಯಲು ಅನುಮತಿ ಬೇಕು. ನೆಡುವಾಗ ಯಾರೂ ಒಂದು ಕಾಗದ ಕೇಳಿರಲಿಲ್ಲ.

ಕೊನೆಗೆ ಈ ಸಲ ಅಮ್ಮನನ್ನು ಕೇಳಿದೆ. ಎಲ್ಲ ಹೇಳಿದೆ, ಬೀಜದ ಬಾಲದ ಕತೆಯನ್ನೂ. ಅವಳು ಅಡಿಕೆ ಸುಲಿಯುವುದು ನಿಲ್ಲಿಸಲಿಲ್ಲ.

"ಮುಳಿ ಕಟ್ಟು ನಾನೂ ಹೊತ್ತಿದ್ದೇನೆ, ಮದುವೆಯಾಗಿ ಬಂದ ಹೊಸದ್ರಲ್ಲಿ. ಕುತ್ತಿಗೆಗೆಲ್ಲ ಚುಚ್ತಿತ್ತು." ಸ್ವಲ್ಪ ಹೊತ್ತು ಬಿಟ್ಟು, "ಮೇಲಿನ ಸಾಲು ತೆಗಿ, ಅಲ್ಲಿ ಬಿಸಿಲು ಬೀಳ್ಲಿ. ದಾರಿ ಪಕ್ಕದ್ದು ನಾಲ್ಕು ಮುಟ್ಬೇಡ. ಮತ್ತೆ, ಭಾವನತ್ರ ಒಂದು ಮಾತು ಕೇಳು" ಅಂದಳು.

ದೊಡ್ಡಪ್ಪ ಶಿವರಾತ್ರಿ ಕಳೆಯಲಿ ಅಂದಿದ್ದಾರೆ. ಅಷ್ಟರೊಳಗೆ ಒಮ್ಮೆ ನನ್ನ ಜೊತೆ ಗುಡ್ಡೆ ಹತ್ತಿ, ಯಾವ ಬುಡದಲ್ಲಿ ಇನ್ನೂ ಜೀವ ಉಂಟು ಅಂತ ನೋಡಬೇಕಂತೆ. ಮೊಣಕಾಲು ನೋವು. ನಿಧಾನ ಹೋಗಬೇಕು.