ನೀರಿನ ಸಾಕ್ಷಿ

ಮದ್ರಸದಲ್ಲಿ ಫಿಕ್‌ಹ್ ಪಾಠವು ಶುದ್ಧಿಯ ಅಧ್ಯಾಯದಿಂದ, ಎಂದರೆ ನೀರಿನಿಂದಲೇ ಆರಂಭವಾಗುತ್ತದೆ. ಹೊಲಸು ಬಿದ್ದು ಬಣ್ಣ, ರುಚಿ, ವಾಸನೆಗಳಲ್ಲಿ ಒಂದು ಕೆಟ್ಟರೂ ಆ ನೀರಿನಿಂದ ವುಝೂ ಆಗದೆಂಬುದನ್ನು ಹತ್ತು ವರ್ಷದ ಬಾಲಕನೂ ಬಲ್ಲನು. ಆದರೆ ಹುನಗುಂದ, ಇಳಕಲ್ ಕಡೆಯ ಎಷ್ಟೋ ಕೊಳವೆಬಾವಿಗಳಲ್ಲಿರುವ ಫ್ಲೋರೈಡ್ ನೆಲದೊಳಗಿನ ಕಲ್ಲಿನಿಂದಲೇ ಬರುವಂಥದ್ದು. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಅದು ಬಹಳ ಹೆಚ್ಚಾದರೆ ಎಲುಬುಗಳೂ ಕೆಡುತ್ತವೆ. ಅಂತಹ ನೀರಿನಿಂದ ವುಝೂ ಆಗುತ್ತದೆ, ಆದರೆ ಅದು ಕುಡಿಯಲು ತಕ್ಕದ್ದಲ್ಲ. ಇದನ್ನು ಅಳೆದವನೇ ಹೇಳಬೇಕು, ಬೇರೆ ಸಾಕ್ಷಿಯಿಲ್ಲ.

ವಿಜ್ಞಾನ ಓದಿದ ನಮ್ಮ ಯುವಕ ಯುವತಿಯರು ಮಾಲಿನ್ಯ ನಿಯಂತ್ರಣ, ನಗರದ ನೀರು ಸರಬರಾಜು, ನೀರಿನ ಸಂಶೋಧನೆ ಮುಂತಾದ ಕೆಲಸಗಳನ್ನು ಹಿಡಿಯುವುದುಂಟು. ಮನೆಯವರು ಕೇಳುವುದು ಸಂಬಳವನ್ನು. ನನಗೆ ಕಾಣುವುದು ಮಾತ್ರ ಖಾಝಿಯ ಮುಂದೆ ನಿಂತ ಸಾಕ್ಷಿಯ ಸ್ಥಾನ. 1974ರ ಜಲ ಕಾಯ್ದೆಯ 21ನೆಯ ಕಲಮನ್ನು ನೋಡಿರಿ. ಕಾರ್ಖಾನೆಯ ನೀರಿನ ಮಾದರಿಯನ್ನು ಯಜಮಾನನ ಎದುರಿನಲ್ಲೇ ಎರಡು ಪಾಲು ಮಾಡಿ, ಮೊಹರು ಹಾಕಿ, ಇಬ್ಬರೂ ಸಹಿ ಮಾಡಬೇಕು. ಸಾಕ್ಷ್ಯದ ಶಿಸ್ತನ್ನು ಬಲ್ಲವರಿಗೆ ಇದು ಹೊಸದಲ್ಲ.

ಲಂಚದ ಮಾತು ಇಲ್ಲಿ ಬೇಡ. ಅದು ಹರಾಮ್ ಎಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ನಿಜವಾದ ಕಷ್ಟ ಕನಿಕರದಲ್ಲಿದೆ. ಇಳಕಲ್ಲಿನಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವ ಮನೆಯೊಂದಿದೆ ಎನ್ನೋಣ. ನೂಲು ಜಾಲಿಸಿದ ಬಣ್ಣದ ನೀರು ಚರಂಡಿಗೆ ಹೋಗುತ್ತದೆ. ಆ ಮನೆ ಪರೀಕ್ಷೆಗೆ ಬಂದವನ ಸೋದರಮಾವನದೇ ಆಗಿದ್ದರೆ? ಮಾವನೂ ಬಡವನಾಗಿದ್ದರೆ? ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 135ನೆಯ ಸೂಕ್ತವು ತನಗೂ ತಂದೆತಾಯಿಗೂ ಬಂಧುಗಳಿಗೂ ವಿರುದ್ಧವಾದರೂ ಸಾಕ್ಷ್ಯವನ್ನು ನೇರವಾಗಿ ಹೇಳಬೇಕೆನ್ನುತ್ತದೆ. ಅಷ್ಟೇ ಅಲ್ಲ, ಆತ ಧನಿಕನಿರಲಿ ಬಡವನಿರಲಿ, ಅವನ ಹಿತವನ್ನು ಅಲ್ಲಾಹನು ನಿಮಗಿಂತ ಚೆನ್ನಾಗಿ ಬಲ್ಲನೆಂದೂ ಎಚ್ಚರಿಸುತ್ತದೆ. ಬಡವನ ಮೇಲಿನ ಕರುಣೆಯೂ ಸಾಕ್ಷ್ಯವನ್ನು ಬಾಗಿಸಬಾರದು. ಚರಂಡಿಯ ಕೆಳಗಿನ ಬಾವಿಯಿಂದ ನೀರು ಸೇದುವವಳೂ ಬಡವಳೇ ಅಲ್ಲವೇ? ಕರುಣೆಗೆ ಬೇರೆ ಜಾಗವಿದೆ: ಕಾಲಾವಕಾಶ ಕೊಡುವುದು, ಹತ್ತು ಮನೆಗಳು ಸೇರಿ ಒಂದು ಶುದ್ಧೀಕರಣ ಘಟಕ ಕಟ್ಟಿಕೊಳ್ಳಲು ನೆರವಾಗುವುದು. ಅಂಕಿಯಲ್ಲಿ ಅದಕ್ಕೆ ಜಾಗವಿಲ್ಲ.

ಕಾರ್ಖಾನೆಯಲ್ಲೇ ಸಂಬಳಕ್ಕಿರುವ ಪರಿಸರ ಅಧಿಕಾರಿಯ ಪರೀಕ್ಷೆ ಇನ್ನೂ ಸೂಕ್ಷ್ಮವಾದದ್ದು. ಯಂತ್ರ ನಿಂತ ದಿನ ಮಾದರಿ ತೆಗೆದರೆ ಅಂಕಿಗಳೆಲ್ಲ ಸರಿಯಾಗಿಯೇ ಬರುತ್ತವೆ. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೂ ಅದು ಸುಳ್ಳು ಸಾಕ್ಷ್ಯವೇ. ತೂಕದ ಕಲ್ಲು ಸರಿಯಿದ್ದರೂ ತಕ್ಕಡಿಯನ್ನು ಬೆರಳಿನಿಂದ ಒತ್ತುವ ವ್ಯಾಪಾರಿಗೂ ಅವನಿಗೂ ಏನು ವ್ಯತ್ಯಾಸ?

ಅಂತಹ ವರದಿಗೆ ಸಹಿ ಹಾಕಲಾರೆನೆಂದವನ ಕೆಲಸ ಹೋಗಲೂಬಹುದು. ಈ ಭಾರವನ್ನೆಲ್ಲ ಅವನೊಬ್ಬನ ಹೆಗಲಿಗೇ ಹೇರಿ ಉಪದೇಶ ಮಾಡುವುದು ನ್ಯಾಯವೆಂದು ನನಗೆ ತೋರದು. ಕೆಲಸ ಬಿಟ್ಟು ಬಂದ ಮಗನಿಗೆ ತಾಯಿ ಆ ರಾತ್ರಿ ಏನು ಹೇಳುತ್ತಾಳೆ, ಹೆಣ್ಣು ಕೊಡಲು ಒಪ್ಪಿದ್ದವರು ಮರುವಾರ ಏನೆನ್ನುತ್ತಾರೆ ಎಂಬುದೂ ಈ ಪರೀಕ್ಷೆಯಲ್ಲಿ ಸೇರಿದೆ.